ಹೃದಯದ ರಕ್ಷಣೆ: ಗಿಡಮೂಲಿಕೆಯ ಆಸರೆ ಎಷ್ಟು?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲೂಕುಗಳೆಂದೊಡನೆ ಅನೇಕರಿಗೆ ನೆನಪಾಗುವುದು ಹೊಗೆಸೊಪ್ಪು. ಆದರೆ ಹೃದಯಕ್ಕೆ ಹಿತವಾದ ಕಾಳುಗಳೂ ಮರಗಳೂ ಇದೇ ಮಣ್ಣಿನಲ್ಲಿ ಬೆಳೆಯುತ್ತವೆ. ಇವುಗಳನ್ನು ಎಷ್ಟರ ಮಟ್ಟಿಗೆ ನಂಬಬಹುದೆಂಬುದನ್ನು ನಾವು ಅರಿತಿರಬೇಕು.

ಕೊಲೆಸ್ಟರಾಲ್ ವಿಷವಲ್ಲ. ಜೀವಕೋಶಗಳಿಗೂ ಪಿತ್ತರಸಕ್ಕೂ ಅದು ಬೇಕು. ಯಕೃತ್ತೇ ಅದನ್ನು ತಯಾರಿಸುತ್ತದೆ. ಆದರೆ ರಕ್ತದಲ್ಲಿ ಎಲ್.ಡಿ.ಎಲ್. ಎಂಬ ಬಗೆಯ ಕೊಲೆಸ್ಟರಾಲ್ ಹೆಚ್ಚಾದರೆ ಅದು ರಕ್ತನಾಳಗಳ ಒಳಗೋಡೆಯಲ್ಲಿ ಸೇರಿಕೊಂಡು ರಕ್ತದ ದಾರಿಯನ್ನು ಕಿರಿದಾಗಿಸುತ್ತದೆ.

ನೆನೆಸಿದ ಮೆಂತ್ಯವು ಲೋಳೆಯಾಗುವುದನ್ನು ನೀವು ಕಂಡಿರಬಹುದು. ಈ ಲೋಳೆಯ ನಾರು ಕರುಳಿನಲ್ಲಿ ಪಿತ್ತರಸವನ್ನು ಹಿಡಿದು ಮಲದೊಂದಿಗೆ ಹೊರಹಾಕುತ್ತದೆ. ಹೊಸ ಪಿತ್ತರಸಕ್ಕಾಗಿ ಯಕೃತ್ತು ರಕ್ತದಲ್ಲಿನ ಕೊಲೆಸ್ಟರಾಲನ್ನು ಬಳಸಿಕೊಳ್ಳುತ್ತದೆ. ಹುರುಳಿ, ಅವರೆಗಳ ನಾರೂ ಸಹಾಯಕವೇ. ಬೆಳ್ಳುಳ್ಳಿಯಿಂದ ಅಲ್ಪ ಪ್ರಮಾಣದ ಇಳಿಕೆ ಕಂಡುಬಂದಿದೆ. ಹೊಳೆದಂಡೆಯಲ್ಲಿ ಬೆಳೆಯುವ ಹೊಳೆಮತ್ತಿಯ ತೊಗಟೆಯನ್ನು ಆಯುರ್ವೇದವು ಹೃದಯಕ್ಕಾಗಿ ಬಳಸುತ್ತ ಬಂದಿದೆ. ಆದರೆ ಅದರ ಕುರಿತ ಆಧುನಿಕ ಅಧ್ಯಯನಗಳು ಹೆಚ್ಚಾಗಿ ಸಣ್ಣವು. ಆದುದರಿಂದ ತಾವಾಗಿಯೇ ತೊಗಟೆ ಕೆತ್ತಿ ಕಷಾಯ ಮಾಡಿ ಕುಡಿಯುವುದು ಸರಿಯಲ್ಲ.

ಗಿಡಮೂಲಿಕೆಯೆಂದ ಮಾತ್ರಕ್ಕೆ ಅದು ನಿರಪಾಯವೆಂದು ಭಾವಿಸಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಬೆಳ್ಳುಳ್ಳಿಯನ್ನು ಔಷಧದಂತೆ ಹೆಚ್ಚಾಗಿ ತಿಂದರೆ ರಕ್ತಸ್ರಾವದ ಭಯವಿದೆ. ಸಕ್ಕರೆ ಕಾಯಿಲೆಯ ಮಾತ್ರೆಯ ಜೊತೆ ಮೆಂತ್ಯವು ಅತಿಯಾದರೆ ಸಕ್ಕರೆ ಮಿತಿಮೀರಿ ಇಳಿಯಬಹುದು. ನೀವು ಸೇವಿಸುವುದನ್ನೆಲ್ಲ ವೈದ್ಯರಿಗೆ ತಿಳಿಸಿರಿ. ಅವರು ಕೊಟ್ಟ ಕೊಲೆಸ್ಟರಾಲ್ ಮಾತ್ರೆಯನ್ನು ಕಷಾಯದ ಭರವಸೆಯಲ್ಲಿ ನಿಲ್ಲಿಸಬೇಡಿ.

ಇನ್ನು ಹೊಗೆಸೊಪ್ಪಿನ ವಿಚಾರ. ಬೀಡಿ ಸಿಗರೇಟಿನ ಹೊಗೆಯು ರಕ್ತನಾಳದ ಒಳಪದರವನ್ನು ಕೆಡಿಸುತ್ತದೆ, ಒಳ್ಳೆಯ ಕೊಲೆಸ್ಟರಾಲನ್ನು ತಗ್ಗಿಸುತ್ತದೆ, ರಕ್ತ ಹೆಪ್ಪುಗಟ್ಟುವಂತೆ ಮಾಡುತ್ತದೆ. ಎಲೆಯಡಿಕೆಯೊಂದಿಗೆ ಅಗಿಯುವ ಕಡ್ಡಿಪುಡಿಯೂ ಹಾನಿಕರವೇ. ಮುಂಜಾನೆ ಮೆಂತ್ಯದ ನೀರು ಕುಡಿದು ಬಳಿಕ ಬೀಡಿ ಹಚ್ಚುವವನು ತೂತಾದ ಕೊಡಕ್ಕೆ ನೀರು ತುಂಬುತ್ತಿದ್ದಾನೆ. ಮೊದಲು ಆ ತೂತನ್ನು ಮುಚ್ಚಬೇಕು.

ಎದೆ ಬಿಗಿತ, ಎಡಗೈ ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು ಕಾಣಿಸಿಕೊಂಡರೆ ಮನೆಮದ್ದಿಗೆ ಸಮಯ ಕಳೆಯಬೇಡಿ. ಕೂಡಲೇ ಹತ್ತಿರದ ಆಸ್ಪತ್ರೆಗೆ ಹೋಗಿ ಇ.ಸಿ.ಜಿ. ಮಾಡಿಸಿರಿ. ಮೈಸೂರಿನಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆಯಿದೆ. ಆದರೆ ಅಲ್ಲಿಗೆ ಹೋಗುವ ಮುನ್ನ ಸಿಗುವ ಪ್ರಥಮ ಚಿಕಿತ್ಸೆಯೇ ಎಷ್ಟೋ ಸಲ ಜೀವ ಉಳಿಸುತ್ತದೆ.

ಶರೀರವು ನಮ್ಮ ಬಳಿಯಿರುವ ಅಮಾನತ್ತು. ರೋಗಕ್ಕೆ ಚಿಕಿತ್ಸೆ ಪಡೆಯಬೇಕೆಂದೂ, ಒಂಟೆಯನ್ನು ಕಟ್ಟಿದ ಬಳಿಕ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂದೂ ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಹೊಗೆಸೊಪ್ಪು ಬಿಡುವುದು, ಮಿತವಾದ ಆಹಾರ, ದಿನನಿತ್ಯದ ನಡಿಗೆ, ಕಾಲಕಾಲಕ್ಕೆ ರಕ್ತಪರೀಕ್ಷೆ ಇವೇ ಆ ಹಗ್ಗ. ಗಿಡಮೂಲಿಕೆಯು ಅದರ ಒಂದು ಎಳೆ ಮಾತ್ರ.