ಕಹಳೆಯ ಕೂಗಿಗೆ ಕಿಟಕಿ ಒಡೆದೀತೇ?

ಬೇಸಗೆ ಬಂತೆಂದರೆ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಫುಟ್‌ಬಾಲ್ ಮೈದಾನಗಳಲ್ಲಿ ‘ಡ್ರಮ್ ಕೋರ್’ ಎಂಬ ತರುಣರ ವಾದ್ಯಮೇಳಗಳ ಸ್ಪರ್ಧೆಗಳು ನಡೆಯುತ್ತವೆ. ಇವುಗಳಲ್ಲಿ ಕೊಳಲು, ಕ್ಲಾರಿನೆಟ್‌ಗಳಿಗೆ ಸ್ಥಾನವಿಲ್ಲ. ಹಿತ್ತಾಳೆಯ ಕಹಳೆಗಳದೂ ಡ್ರಮ್ಮುಗಳದೂ ರಾಜ್ಯಭಾರ. ಒಂದನೆಯ ಮಹಾಯುದ್ಧದ ಅನಂತರ, ಯುದ್ಧದಿಂದ ಮರಳಿದ ಸೈನಿಕರ ಸಂಘಗಳ ಆಶ್ರಯದಲ್ಲಿ ಇಂಥ ಮೇಳಗಳು ಬೆಳೆದವು. 1971ರಲ್ಲಿ ‘ಡ್ರಮ್ ಕೋರ್ ಇಂಟರ್‌ನ್ಯಾಷನಲ್’ ಎಂಬ ಸಂಸ್ಥೆ ಸ್ಥಾಪಿತವಾಗಿ, ಮರುವರ್ಷ ವಿಸ್ಕಾನ್ಸಿನ್ ಸಂಸ್ಥಾನದ ವೈಟ್‌ವಾಟರ್ ಎಂಬಲ್ಲಿ ಅದರ ಮೊದಲನೆಯ ಮಹಾಸ್ಪರ್ಧೆ ಜರುಗಿತು.

ಈ ಮೇಳಗಳ ಸುತ್ತ ದಂತಕಥೆಗಳೂ ಹುಟ್ಟಿಕೊಂಡಿವೆ. ತೀರ್ಪುಗಾರರ ಕೊಠಡಿಯ ಗಾಜು ಪುಡಿಯಾಯಿತಂತೆ. ಜೆಟ್ ವಿಮಾನದ ಸದ್ದೂ ಅಡಗಿಹೋಯಿತಂತೆ. ಮೈಲುಗಳಾಚೆಗೂ ನಾದ ಕೇಳಿಸಿತಂತೆ. ಇವುಗಳಲ್ಲಿ ನಿಜವೆಷ್ಟು, ಉತ್ಪ್ರೇಕ್ಷೆಯೆಷ್ಟು ಎಂಬುದನ್ನು ಭೌತವಿಜ್ಞಾನದ ತಕ್ಕಡಿಯಲ್ಲಿಟ್ಟು ತೂಗಿ ನೋಡೋಣ. 2004ರಿಂದ ಈ ಸ್ಪರ್ಧೆಗಳಲ್ಲಿ ಧ್ವನಿವರ್ಧಕಗಳಿಗೂ ಅವಕಾಶ ದೊರೆತಿದೆ. ನಮ್ಮ ಲೆಕ್ಕವಾದರೋ ಬರಿಯ ಕಹಳೆಗಳದು.

ಶಬ್ದವೆಂದರೆ ಗಾಳಿಯಲ್ಲಿ ಹರಿಯುವ ಶಕ್ತಿ. ಟ್ರಂಪೆಟ್ ಎಷ್ಟೇ ಗಟ್ಟಿಯಾಗಿ ನುಡಿದರೂ ಅದರಿಂದ ಹೊರಡುವ ಶಬ್ದಶಕ್ತಿ ಒಂದು ವಾಟಿನ ಮೂರನೆಯ ಒಂದು ಭಾಗದಷ್ಟು. ದೊಡ್ಡ ವಾದ್ಯಗಳು ಕ್ಷಣಕಾಲ ಇದಕ್ಕಿಂತ ಹೆಚ್ಚು ಶಕ್ತಿಯನ್ನು ಸೂಸಬಲ್ಲವು. ಆದುದರಿಂದ ಉದಾರವಾಗಿ, ವಾದ್ಯವೊಂದಕ್ಕೆ 1 ವಾಟ್ ಎಂದೇ ಹಿಡಿಯೋಣ. 80 ವಾದ್ಯಗಾರರಿದ್ದರೆ ಒಟ್ಟು 80 ವಾಟ್. ಮೈದಾನವನ್ನೆಲ್ಲ ನಡುಗಿಸುವ ಆ ಘೋಷದ ಶಕ್ತಿ ಹಳೆಯ ತಂತಿದೀಪವೊಂದು ನುಂಗುವ ವಿದ್ಯುತ್ತಿಗೆ ಸಮ! ಇಷ್ಟು ಅಲ್ಪಶಕ್ತಿ ನಮ್ಮನ್ನು ಬೆಚ್ಚಿಬೀಳಿಸುವುದಾದರೆ ಅದು ಕಿವಿಯ ಸೂಕ್ಷ್ಮತೆಗೆ ಸಾಕ್ಷಿ.

ಶಬ್ದದ ತೀವ್ರತೆಯನ್ನು ಡೆಸಿಬೆಲ್‌ಗಳಲ್ಲಿ ಅಳೆಯುತ್ತಾರೆ. ಈ ಮಾನದಲ್ಲಿ ಶಕ್ತಿ ಇಮ್ಮಡಿಯಾದರೆ 3 ಡೆಸಿಬೆಲ್, ಹತ್ತುಮಡಿಯಾದರೆ 10, ನೂರುಮಡಿಯಾದರೆ 20 ಡೆಸಿಬೆಲ್ ಏರುತ್ತದೆ. ಒಬ್ಬನ ಬದಲು 80 ಮಂದಿ ಊದಿದಾಗ ಏರುವುದು 19 ಡೆಸಿಬೆಲ್ ಮಾತ್ರ. ಇನ್ನೊಂದು ವಿಶೇಷವಿದೆ. ತೀವ್ರತೆ 10 ಡೆಸಿಬೆಲ್ ಏರಿದಾಗ ನಮ್ಮ ಕಿವಿಗೆ ಸದ್ದು ಸುಮಾರು ಎರಡರಷ್ಟಾದಂತೆ ತೋರುತ್ತದೆ. ಆದ್ದರಿಂದ 80 ಮಂದಿಯ ಮೇಳ ಒಬ್ಬನಿಗಿಂತ 80 ಪಾಲು ಗಟ್ಟಿಯಾಗಿ ಕೇಳಿಸದು. ನಾಲ್ಕು ಪಾಲು ಕೇಳಿಸೀತು, ಅಷ್ಟೆ.

ಈ 80 ವಾಟ್ ಶಕ್ತಿಯು ನೆಲದ ಮೇಲೆ ಅರ್ಧಗೋಳದಂತೆ ಹರಡುವುದೆಂದು ಭಾವಿಸಿದರೆ, 10 ಮೀಟರ್ ದೂರದಲ್ಲಿ ತೀವ್ರತೆ 111 ಡೆಸಿಬೆಲ್ ಆಗುತ್ತದೆ. ದೂರ ಇಮ್ಮಡಿಸಿದಂತೆಲ್ಲ ಅದೇ ಶಕ್ತಿ ನಾಲ್ಕರಷ್ಟು ಹರವಿನಲ್ಲಿ ಹಂಚಿಹೋಗುವುದರಿಂದ ಪ್ರತಿ ಸಲವೂ 6 ಡೆಸಿಬೆಲ್ ಇಳಿಯುತ್ತದೆ: 20 ಮೀಟರಿನಲ್ಲಿ 105, 40 ಮೀಟರಿನಲ್ಲಿ 99. ಕಹಳೆಗಳ ಬಾಯಿಗಳೆಲ್ಲ ಒಂದೇ ದಿಕ್ಕಿಗೆ ತಿರುಗಿದಾಗ ಆ ಕಡೆ ಕುಳಿತವರಿಗೆ ಇನ್ನಷ್ಟು ಹೆಚ್ಚು ಕೇಳಿಸುವುದು ನಿಜ. ಆದರೂ ನೆಲ ಬಿಟ್ಟು ಏಳುತ್ತಿರುವ ಜೆಟ್ ವಿಮಾನದ ಸಮೀಪದಲ್ಲಿ ತೀವ್ರತೆ 130 ಡೆಸಿಬೆಲ್‌ಗೂ ಮೀರುತ್ತದೆ. 30 ಡೆಸಿಬೆಲ್ ಅಂತರವೆಂದರೆ ಸಾವಿರ ಪಾಲು ಶಕ್ತಿ. ವಿಮಾನಕ್ಕೆ ಸರಿಗಟ್ಟಲು ಮೇಳದಲ್ಲಿ 80 ಸಾವಿರ ಮಂದಿ ಬೇಕಾದೀತು!

ಇನ್ನು ಗಾಜಿನ ಮಾತು. 120 ಡೆಸಿಬೆಲ್ ಶಬ್ದ ಗಾಜಿನ ಮೇಲೆ ಹೇರುವ ಒತ್ತಡ ಸುಮಾರು 20 ಪಾಸ್ಕಲ್. ಗಂಟೆಗೆ 20 ಕಿಲೋಮೀಟರ್ ವೇಗದ ಗಾಳಿ ಬೀಸಿದಾಗ ಉಂಟಾಗುವ ಒತ್ತಡವೂ ಅಷ್ಟೆ. ಇಂಥ ಗಾಳಿಗೆ ಯಾವ ಕಿಟಕಿಯೂ ಒಡೆಯದು. ತೆಳುವಾದ ಸ್ಫಟಿಕದ ಬಟ್ಟಲನ್ನು ಗಾಯಕರು ಒಡೆಯಬಲ್ಲರಲ್ಲವೇ ಎಂದು ಕೇಳಬಹುದು. ಅದು ಅನುರಣನದ ಫಲ: ಬಟ್ಟಲಿನ ಸಹಜ ಕಂಪನಕ್ಕೆ ಸರಿಯಾಗಿ ಹೊಂದುವ ಒಂದೇ ಸ್ವರವನ್ನು ಗಟ್ಟಿಯಾಗಿ, ಎಡೆಬಿಡದೆ ಹಿಡಿದರೆ ಕಂಪನ ಬೆಳೆದು ಬಟ್ಟಲು ಸೀಳುತ್ತದೆ. ಚೌಕಟ್ಟಿನಲ್ಲಿ ಬಿಗಿದ ಕಿಟಕಿಯ ಗಾಜಿನಲ್ಲಿಯಾದರೋ ಕಂಪನ ಬೇಗನೆ ಅಡಗುತ್ತದೆ. ಮೇಳವೂ ಸ್ವರದಿಂದ ಸ್ವರಕ್ಕೆ ಓಡುತ್ತಿರುತ್ತದೆ. ಸಡಿಲವಾದ ಗಾಜು ಗಡಗಡನೆ ಅದುರೀತು. ಅದುರಿದ ಗಾಜು ಕಥೆಯಲ್ಲಿ ಒಡೆದ ಗಾಜಾಗಲು ನಾಲ್ಕು ಬಾಯಿ ದಾಟಿದರೆ ಸಾಕು.

ಮೂರನೆಯ ಕಥೆಯನ್ನು ಮಾತ್ರ ತಳ್ಳಿಹಾಕಲಾಗದು. ಮೇಲಿನ ನಿಯಮದಂತೆ ಎರಡೂವರೆ ಕಿಲೋಮೀಟರ್ ಆಚೆಗೆ ಸುಮಾರು 63 ಡೆಸಿಬೆಲ್ ಉಳಿಯಬೇಕು. ಗಾಳಿಯೂ ನೆಲವೂ ಒಂದಷ್ಟನ್ನು ಹೀರಿದರೂ, ನಿಶ್ಶಬ್ದವಾದ ಸಂಜೆಯಲ್ಲಿ ಕೇಳಿಸಲು ಮಿಕ್ಕದ್ದು ಸಾಕು. ನೆಲದ ಬಳಿಯ ಗಾಳಿ ತಣ್ಣಗಾಗಿ ಮೇಲಿನದು ಬೆಚ್ಚಗಿದ್ದರೆ ಶಬ್ದತರಂಗಗಳು ಕೆಳಕ್ಕೆ ಬಾಗಿ ಇನ್ನೂ ದೂರ ಸಾಗುತ್ತವೆ.

ಹಾಗಾದರೆ ಕೇಳಿದವರಿಗೆ ಅಷ್ಟೊಂದು ಬೆರಗೇಕೆ? ಹಿತ್ತಾಳೆಯ ವಾದ್ಯವನ್ನು ಬಲವಾಗಿ ಊದಿದಾಗ ಮೂಲಸ್ವರದೊಡನೆ ಎತ್ತರದ ಉಪಸ್ವರಗಳೂ ಹೆಚ್ಚಾಗಿ ಹೊಮ್ಮುತ್ತವೆ. ನಮ್ಮ ಕಿವಿ ಚುರುಕಾಗಿರುವುದು ಸೆಕೆಂಡಿಗೆ 2000ದಿಂದ 5000 ಕಂಪನಗಳಿರುವ ಇಂಥ ಸ್ವರಗಳಿಗೇ. ಮೆಲುದನಿಯ ಬೆನ್ನಿಗೇ ಮೇಳವೆಲ್ಲ ಒಮ್ಮೆಗೇ ಮೊಳಗಿದರೆ ಎದೆ ಝಲ್ಲೆನ್ನುವುದು ಸಹಜ.

ದಂತಕಥೆಗಳು ಮರೆತುಬಿಟ್ಟಿರುವ ಒಂದು ಮಾತು ಎಲ್ಲಕ್ಕಿಂತ ಮುಖ್ಯವಾದುದು. ಗಾಜು ಒಡೆಯದಿದ್ದರೂ ಕಿವಿ ಕೆಡಬಲ್ಲುದು. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯರಲ್ಲಿ ಮರಳಿ ಬೆಳೆಯವು. ಅಮೆರಿಕದ ವೃತ್ತಿ ಆರೋಗ್ಯ ತಜ್ಞರು 85 ಡೆಸಿಬೆಲ್ ಸದ್ದಿಗೆ ದಿನಕ್ಕೆ 8 ಗಂಟೆಗಳ ಮಿತಿಯನ್ನು ಸೂಚಿಸಿದ್ದಾರೆ. ಪ್ರತಿ 3 ಡೆಸಿಬೆಲ್ ಏರಿಕೆಗೂ ಈ ಅವಧಿ ಅರ್ಧಕ್ಕಿಳಿಯುತ್ತದೆ. 100 ಡೆಸಿಬೆಲ್‌ಗೆ 15 ನಿಮಿಷ. 109ಕ್ಕೆ ಎರಡು ನಿಮಿಷವೂ ಇಲ್ಲ. ಒಂದು ಸಂಜೆ ಕೇಳಿ ಹೋಗುವ ಪ್ರೇಕ್ಷಕನಿಗಿಂತ ದಿನವಿಡೀ ಅಭ್ಯಾಸ ಮಾಡುವ ತರುಣ ವಾದ್ಯಗಾರನಿಗೇ ಅಪಾಯ ಹೆಚ್ಚು. ಅವನ ಕಿವಿಗೆ ಸಣ್ಣದೊಂದು ಬಿರಡೆ ಅವಶ್ಯ.

ವಿದ್ಯಾರ್ಥಿಗಳು ಇನ್ನೊಂದು ಲೆಕ್ಕವನ್ನು ತಾವೇ ಮಾಡಿ ನೋಡಲಿ. ಮೇಳದ 80 ಮಂದಿಯಲ್ಲಿ 40 ಮಂದಿ ಊದುವುದನ್ನು ನಿಲ್ಲಿಸಿದರೆ ಎಷ್ಟು ಡೆಸಿಬೆಲ್ ಇಳಿದೀತು? ಉತ್ತರ ದೊರೆತಾಗ, ಜನರ ಬೆರಗಿಗೂ ಅಳತೆಯ ಸತ್ಯಕ್ಕೂ ಇರುವ ಅಂತರ ಸ್ಪಷ್ಟವಾಗುವುದು.