ಅಗಲಿಕೆಯ ಎಲೆಕ್ಟ್ರಾನಿಕ್ ಹಾಡು ಕಟ್ಟುವ ಬಗೆ

ಕೈತಪ್ಪಿದ ಪ್ರೀತಿಯ ಮೇಲೆ ಎಲೆಕ್ಟ್ರಾನಿಕ್ ಹಾಡು ಕಟ್ಟುವವರು ಮೊದಲು ತೀರ್ಮಾನಿಸಬೇಕಾದದ್ದು, ದೂರವಾದವರ ಜಾಗದಲ್ಲಿ ಯಾವ ಸದ್ದನ್ನು ಇಡುವುದು ಎಂಬುದನ್ನು. ಈ ಬಗೆಯ ಸಂಗೀತ ನಡೆಯುವುದು ಲೂಪ್‌ಗಳ ಮೇಲೆ. ಒಂದು ಸಣ್ಣ ತುಣುಕು ಮತ್ತೆ ಮತ್ತೆ ಬರುತ್ತದೆ, ಕಿವಿ ಅದಕ್ಕೆ ಒಗ್ಗಿಕೊಳ್ಳುತ್ತದೆ. ಒಗ್ಗಿದ ಮೇಲೆ ಅದರೊಳಗಿನ ಒಂದು ಸದ್ದನ್ನು ತೆಗೆದರೆ ಏನೋ ಕಳೆದುಹೋಯಿತೆಂದು ಕೇಳುಗರಿಗೆ ಯಾರೂ ಹೇಳಬೇಕಾಗಿಲ್ಲ.

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಗೆ ಈ ಮರುಕಳಿಕೆ ಹೊಸದೇನಲ್ಲ. ಮಲೆ ಮಹದೇಶ್ವರ ಕಾವ್ಯ ಹಾಡುವ ದೇವರಗುಡ್ಡರು, ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರು ಇಬ್ಬರದೂ ಇದೇ ಕ್ರಮ: ಮುಂದಾಳು ಕಥೆ ನಡೆಸುತ್ತಾನೆ, ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ. ನೀಲಗಾರರಲ್ಲಿ ತಂಬೂರಿಯ ಶ್ರುತಿ ರಾತ್ರಿಯಿಡೀ ಬಿಡುವುದಿಲ್ಲ. ರಾಗ ಮತ್ತು ಯಂತ್ರ ಕೂಡುವುದೂ ಹಳೆಯ ಮಾತೇ. ಮುಂಬೈಯ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್ ಕಂಪನಿಯ ತಾಳಯಂತ್ರ, ಸಿಂಥಸೈಜರ್‌ಗಳನ್ನು ಮುಂದಿಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿ ಒಂದು ಆಲ್ಬಮ್ಮನ್ನೇ ತಂದಿದ್ದರು.

ಮಾತು

ಸಾಹಿತ್ಯದಲ್ಲಿ ‘ವಿರಹ’, ‘ವೇದನೆ’, ‘ಕಣ್ಣೀರು’ ಎಂಬ ಪದಗಳನ್ನು ಮೊದಲೇ ಬದಿಗಿಡುವುದು ಒಳ್ಳೆಯದು. ಸಿನಿಮಾ ಹಾಡುಗಳು ಅವನ್ನು ಸವೆಸಿಬಿಟ್ಟಿವೆ. ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸಕ್ಕೆಂದು ಹೋದವಳು ಹತ್ತಿದ ಬಸ್ಸು, ತಿರುಗಿ ಬಾರದ ಕರೆ, ಮಹದೇಶ್ವರ ಬೆಟ್ಟಕ್ಕೆ ಒಟ್ಟಿಗೆ ಹೋಗೋಣವೆಂದು ಹೊತ್ತ ಹರಕೆ ಇಂಥ ಕಣ್ಣಿಗೆ ಕಾಣುವ ಸಂಗತಿ ಒಂದಿದ್ದರೆ ಒಂದು ಚರಣ ನಿಲ್ಲುತ್ತದೆ. ಮಾದರಿಗೆ ದೂರ ಹೋಗಬೇಕಾಗಿಲ್ಲ. ಮಹದೇಶ್ವರ ಕಾವ್ಯದ ‘ಸಂಕಮ್ಮನ ಸಾಲು’ ಗಂಡ ನೀಲೇಗೌಡನ ಅನುಮಾನಕ್ಕೆ ಸಿಕ್ಕಿ, ಹಿಂಸೆ ಉಂಡು, ಒಂಟಿಯಾಗಿ ಉಳಿದ ಹೆಣ್ಣಿನ ಕಥೆ. ದೇವನೂರ ಮಹಾದೇವರ ‘ಕುಸುಮಬಾಲೆ’ (1984) ಮೇಲ್ಜಾತಿಯ ಕುಸುಮ ಮತ್ತು ದಲಿತ ಯುವಕ ಚೆನ್ನನ ಪ್ರೀತಿ ಕೊಲೆಯಲ್ಲಿ ಮುಗಿದುದನ್ನು ಈ ಭಾಗದ ಆಡುಮಾತಿನಲ್ಲೇ ಹೇಳುತ್ತದೆ. ಪ್ರೀತಿ ಏಕೆ ಕೈತಪ್ಪಿತು ಎಂಬುದಕ್ಕೆ ಎರಡರಲ್ಲೂ ಗಟ್ಟಿ ಕಾರಣವಿದೆ. ಕಾರಣವಿಲ್ಲದ ದುಃಖದ ಹಾಡು ಎರಡನೇ ಚರಣಕ್ಕೇ ಸುಸ್ತಾಗುತ್ತದೆ.

ಆಡುಮಾತಿನಲ್ಲಿ ಬರೆದರೆ ತಾಳಕ್ಕೂ ಅನುಕೂಲ. ‘ಬರುತ್ತೇನೆ’ ಆರು ಮಾತ್ರೆ, ‘ಬತ್ತೀನಿ’ ಐದು. ಯಳಂದೂರಿನ ಸಂಚಿ ಹೊನ್ನಮ್ಮ ‘ಹದಿಬದೆಯ ಧರ್ಮ’ ಬರೆದ ಸಾಂಗತ್ಯ ಬಹುಮಟ್ಟಿಗೆ ಐದೈದು ಮಾತ್ರೆಯ ಗುಂಪುಗಳಲ್ಲಿ ನಡೆಯುವ ಛಂದಸ್ಸು. ಮೊದಲ ಸಾಲಿನಲ್ಲಿ ಅಂಥ ನಾಲ್ಕು ಗುಂಪು, ಅಂದರೆ ಇಪ್ಪತ್ತು ಮಾತ್ರೆ. ಒಂದು ಬೀಟಿಗೆ ನಾಲ್ಕು ಮಾತ್ರೆಯಂತೆ ಹಂಚಿದರೆ ಅದು ಐದು ಬೀಟಿನ ಒಂದು ಬಾರ್‌ನಲ್ಲಿ ಸರಿಯಾಗಿ ಕೂರುತ್ತದೆ. ಎರಡನೇ ಸಾಲು ಚಿಕ್ಕದು. ಬಾರ್ ತುಂಬಲು ಉಳಿಯುವ ಜಾಗವನ್ನು ಖಾಲಿ ಬಿಡಬೇಕು, ‘ಓ’ಕಾರ ಎಳೆದು ತುಂಬಬಾರದು. ಐದರ ನಡೆ ಕಷ್ಟವೆನಿಸಿದವರು ನಾಲ್ಕು ಬೀಟಿನಲ್ಲೇ ಬರೆಯಬಹುದು. ಆಗ ಸಾಂಗತ್ಯದ ಆಸೆ ಬಿಟ್ಟು, ಸಾಲನ್ನು ಗಟ್ಟಿಯಾಗಿ ಓದಿ, ಉಸಿರು ನಿಲ್ಲುವಲ್ಲಿ ಮುರಿದರೆ ಸಾಕು.

ಸ್ವರ

ಮೋಹನ ಮತ್ತು ಶಿವರಂಜನಿ ಎರಡಕ್ಕೂ ಸ, ರಿ, ಗ, ಪ, ದ ಎಂಬ ಐದೇ ಸ್ವರ. ವ್ಯತ್ಯಾಸ ಗಾಂಧಾರದಲ್ಲಿ ಮಾತ್ರ: ಮೋಹನದ್ದು ಅಂತರ ಗಾಂಧಾರ, ಶಿವರಂಜನಿಯದ್ದು ಸಾಧಾರಣ ಗಾಂಧಾರ. ಕೀಬೋರ್ಡಿನಲ್ಲಿ ಷಡ್ಜವನ್ನು ‘ಸಿ’ಗೆ ಇಟ್ಟರೆ ‘ಇ’ ಬದಲು ಅದರ ಎಡಕ್ಕಿರುವ ಕಪ್ಪು ಮನೆ. ಹಳೆಯ ದಿನಗಳ ಚರಣವನ್ನು ಮೋಹನದಲ್ಲಿಟ್ಟು, ಅಗಲಿದ ಮೇಲಿನ ಚರಣದಲ್ಲಿ ಅದೇ ಮಟ್ಟನ್ನು ಗಾಂಧಾರ ಇಳಿಸಿ ಹಾಡಿದರೆ ನೆನಪು ಮತ್ತು ನಷ್ಟ ಒಂದೇ ಮಟ್ಟಿನಲ್ಲಿ ಬರುತ್ತವೆ. ಇಡೀ ಹಾಡನ್ನು ಶಿವರಂಜನಿಯಲ್ಲೇ ಅಳಿಸುವುದಕ್ಕಿಂತ ಇದು ಎಷ್ಟೋ ಮೇಲು. ಗಮಕಕ್ಕೆ ಸಿಂಥ್‌ನ ಪಿಚ್ ಬೆಂಡ್ ವ್ಯಾಪ್ತಿಯನ್ನು ಎರಡು ಅರ್ಧಸ್ವರಕ್ಕೆ ಹೊಂದಿಸಿಕೊಳ್ಳಬೇಕು. ಅಡಿಯಲ್ಲಿ ಷಡ್ಜ–ಪಂಚಮದ ಶ್ರುತಿ ಇದ್ದರೆ ಕಾರ್ಡುಗಳ ಗೊಡವೆಯೇ ಬೇಡ.

ಸದ್ದು

ಕೊಳ್ಳೇಗಾಲ ರೇಷ್ಮೆಯ ಊರು. ತಾಳಕ್ಕೆ ಮಗ್ಗದ ಸದ್ದು ಇಲ್ಲೇ ಸಿಗುತ್ತದೆ. ಮಗ್ಗದವರ ಒಪ್ಪಿಗೆ ಪಡೆದು, ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿಟ್ಟು, ವೇವ್ ಫೈಲಾಗಿ ರೆಕಾರ್ಡ್ ಮಾಡಬೇಕು. ಮಗ್ಗದ ವೇಗ ಹಾಡಿನ ವೇಗಕ್ಕೆ ಹೊಂದುವುದಿಲ್ಲ. ಆದ್ದರಿಂದ ಲಾಳಿ ಬಡಿಯುವ ಒಂದೇ ಒಂದು ಏಟನ್ನು ಕತ್ತರಿಸಿ, ತಾಳಯಂತ್ರದ ಏಟಿನಂತೆ ಬೇಕಾದ ಕಡೆ ಕೂರಿಸುವುದು ಸರಿ. ಭರಚುಕ್ಕಿಯ ನೀರಿನ ಮೊರೆತದಲ್ಲಿ ತಗ್ಗಿನಿಂದ ಎತ್ತರದವರೆಗಿನ ಎಲ್ಲ ಕಂಪನಗಳೂ ಇರುತ್ತವೆ. ಫಿಲ್ಟರ್ ಹಾಕಿ ಮೆಲ್ಲಗೆ ತೆರೆದರೆ ಚರಣದಿಂದ ಪಲ್ಲವಿಗೆ ಏರುವ ಅಲೆ ಸಿದ್ಧ. ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶ, ಅಲ್ಲಿ ಉಪಕರಣ ಹೊತ್ತು ಕಾಡಿಗಿಳಿಯುವ ಮುನ್ನ ಅರಣ್ಯ ಇಲಾಖೆಯ ಅನುಮತಿ ಬೇಕು. ಕಂಸಾಳೆಯ ವಿಷಯ ಬೇರೆ. ಅದು ದೀಕ್ಷೆ ಪಡೆದ ಗುಡ್ಡರ ಕೈಯ ವಸ್ತು. ಅದನ್ನು ಕೇಳದೆ ಕತ್ತರಿಸಿ ಪ್ರೇಮಗೀತೆಯ ತಾಳ ಮಾಡುವುದು ತರವಲ್ಲ.

ಕಟ್ಟಣೆ

ಫೋನಿನಲ್ಲೇ ಕೆಲಸ ಮಾಡುವವರಿಗೆ ಬ್ಯಾಂಡ್‌ಲ್ಯಾಬ್, ಕಂಪ್ಯೂಟರ್ ಇದ್ದವರಿಗೆ ಎಲ್‌ಎಂಎಂಎಸ್ ಉಚಿತವಾಗಿ ಸಿಗುತ್ತವೆ. ವೇಗ ನಿಮಿಷಕ್ಕೆ 96 ಬೀಟ್ ಎಂದಿಟ್ಟುಕೊಂಡರೆ ಲೆಕ್ಕ ಸಲೀಸು: ನಾಲ್ಕು ಬೀಟಿನ ಒಂದು ಬಾರ್ ಎರಡೂವರೆ ಸೆಕೆಂಡ್, 96 ಬಾರ್‌ಗೆ ಸರಿಯಾಗಿ ನಾಲ್ಕು ನಿಮಿಷ. ಮೊದಲ 16 ಬಾರ್ ಶ್ರುತಿ ಮತ್ತು ಲಾಳಿಯ ಏಟು. ಮುಂದಿನ 32 ಬಾರ್‌ನಲ್ಲಿ ದನಿಯ ಜೊತೆಗೆ ಆರಂಭದಲ್ಲಿ ಆರಿಸಿಕೊಂಡ ಆ ಸದ್ದು ಸೇರಬೇಕು. ಗೆಜ್ಜೆಯೋ ಸಣ್ಣ ಗಂಟೆಯಂಥ ಸಿಂಥೋ ಆಗಬಹುದು. ಪ್ರತಿ ಬಾರ್‌ನ ಒಂದೇ ಜಾಗದಲ್ಲಿ ತಪ್ಪದೆ ಬರಬೇಕು. 48 ಬಾರ್ ಮುಗಿದೊಡನೆ ಅದನ್ನು ತೆಗೆಯಬೇಕು. ಮುಂದಿನ 16 ಬಾರ್ ಆ ಜಾಗ ಖಾಲಿ. ಹೊಸಬರು ಎಡವುವುದು ಇಲ್ಲೇ: ಖಾಲಿ ಕಂಡೊಡನೆ ಪಿಟೀಲು ತಂದು ಸುರಿಯುತ್ತಾರೆ, ಹಾಡು ಕೆಡುತ್ತದೆ. ಕೊನೆಯ 32 ಬಾರ್‌ಗೆ ಆ ಸದ್ದಿನ ಪ್ರತಿಧ್ವನಿ ಮಾತ್ರ ಮರಳಬೇಕು. ಅದಕ್ಕಾಗಿ ರಿವರ್ಬ್‌ಗೆ ಹೋಗುವ ಸೆಂಡ್ ಅನ್ನು ಪ್ರೀ-ಫೇಡರ್ ಮಾಡಿ, ಮೂಲ ಟ್ರ್ಯಾಕಿನ ಫೇಡರ್ ಪೂರ್ತಿ ಇಳಿಸಿದರಾಯಿತು. ಡಿಲೇ ಬಳಸುವವರು 60,000ವನ್ನು ಬೀಟ್‌ಗಳ ಸಂಖ್ಯೆಯಿಂದ ಭಾಗಿಸಬೇಕು; 96ಕ್ಕೆ 625 ಮಿಲಿಸೆಕೆಂಡ್.

ದನಿ

ಹಾಡುಗಾರ್ತಿ ಮೈಕಿಗೆ ಹತ್ತಿರ ನಿಂತು, ಕಥೆ ಹೇಳುವಷ್ಟೇ ದನಿಯಲ್ಲಿ ಹಾಡಿದರೆ ಸಾಕು. ಸುಮಾರು 80 ಹರ್ಟ್ಜ್‌ಗಿಂತ ಕೆಳಗಿನ ಗೊರಗೊರವನ್ನು ಫಿಲ್ಟರ್ ಮಾಡಿ ತೆಗೆಯಬಹುದು. ಆಟೋ-ಟ್ಯೂನ್ ಗಮಕವನ್ನು ತಿಂದುಹಾಕುತ್ತದೆ, ಹಾಕಲೇಬೇಕಿದ್ದರೆ ತಿದ್ದುವ ವೇಗ ನಿಧಾನವಿರಲಿ. ಬೇಕೆಂದೇ ಯಂತ್ರದ ದನಿ ಮಾಡುವುದು ಬೇರೆ ದಾರಿ. ಅಮೆರಿಕದ ಗಾಯಕಿ ಶೇರ್ 1998ರ ‘ಬಿಲೀವ್’ನಲ್ಲಿ ಅದನ್ನೇ ಮಾಡಿದರು, ಅದೂ ಪ್ರೀತಿ ಮುರಿದ ಮೇಲಿನ ಹಾಡೇ. ಮಿಶ್ರಣ ಮುಗಿದ ಮೇಲೆ ಹೆಡ್‌ಫೋನಿನಲ್ಲಷ್ಟೇ ಅಲ್ಲದೆ ಫೋನಿನ ಸಣ್ಣ ಸ್ಪೀಕರಿನಲ್ಲೂ ಕೇಳಬೇಕು. ಅಲ್ಲಿ ಬಾಸ್ ಮಾಯವಾದರೆ ಅದಕ್ಕೆ ಸ್ವಲ್ಪ ಡಿಸ್ಟಾರ್ಷನ್ ಸೇರಿಸಿ ಮೇಲಿನ ಕಂಪನಗಳನ್ನು ಎಬ್ಬಿಸಬೇಕು.

ಹಕ್ಕು

ಜನಪದ ಮಟ್ಟು ಯಾರೊಬ್ಬರ ಸ್ವತ್ತೂ ಅಲ್ಲ. ಆದರೆ ಅದರ ಒಂದು ರೆಕಾರ್ಡಿಂಗ್‌ಗೆ ಮಾಲೀಕರಿರುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು 60 ವರ್ಷ, ಹಾಡಿದ ಕಲಾವಿದರ ಹಕ್ಕು 50 ವರ್ಷ ಇರುತ್ತದೆ. ಕ್ಯಾಸೆಟ್ಟಿನಿಂದಲೋ ಯೂಟ್ಯೂಬಿನಿಂದಲೋ ನೀಲಗಾರರ ದನಿ ಕತ್ತರಿಸಿಕೊಂಡರೆ ಎರಡೂ ಹಕ್ಕು ಮುರಿದಂತೆ. ತಂಬೂರಿಯವರನ್ನೋ ಸೋಲಿಗ ಹಾಡುಗಾರರನ್ನೋ ಕರೆಸಿ ಹಾಡಿಸುವವರು ಹಾಡು ಯಾವುದಕ್ಕೆ ಬಳಕೆಯಾಗುತ್ತದೆಂದು ಮೊದಲೇ ತಿಳಿಸಿ, ಒಪ್ಪಂದವನ್ನು ಕನ್ನಡದಲ್ಲಿ ಬರೆದು ಓದಿ ಹೇಳಬೇಕು. ಸಂಭಾವನೆಯನ್ನು ರೆಕಾರ್ಡಿಂಗ್ ದಿನವೇ ಕೊಡಬೇಕು. ಹಾಡು ಬಿಡುಗಡೆಯಾದಾಗ ವಿವರದಲ್ಲಿ ಅವರ ಹೆಸರಿನ ಜೊತೆಗೆ ಊರಿನ ಹೆಸರೂ ಇರಬೇಕು.