ಅಗುರುಧೂಪ ಮತ್ತು ಗಂಧಯುಕ್ತಿ

ಷೋಡಶೋಪಚಾರಗಳಲ್ಲಿ ಧೂಪವೂ ಒಂದು. ನಗರವಾಸಿಗಳಾದ ನಮ್ಮ ಮನೆಗಳಲ್ಲಿ ಅದರ ಸ್ಥಾನಕ್ಕೆ ಊದುಬತ್ತಿಯು ಬಂದು ಬಹುಕಾಲವಾಯಿತು. ಹೊಗೆಯನ್ನು ಊದುವುದರಿಂದ ಅದಕ್ಕೆ ಊದುಬತ್ತಿ ಎಂದು ಹೆಸರಾಯಿತೆಂದು ಅನೇಕರು ತಿಳಿದಿರುವರು. ಅದು ಹಾಗಲ್ಲ. ‘ಊದ್’ ಎಂಬುದು ಅರಬ್ಬೀ ಶಬ್ದ. ಅಗುರುವೃಕ್ಷದ ಸುಗಂಧಿ ಕಾಷ್ಠವೆಂದು ಅದರ ಅರ್ಥ. ಇಲ್ಲಿನ ಚಾರ್‌ಮಿನಾರಿನ ಸುತ್ತಲ ಅತ್ತರಿನ ಅಂಗಡಿಗಳಲ್ಲಿ ಇಂದಿಗೂ ಅದು ಇದೇ ಹೆಸರಿನಿಂದ ಮಾರಾಟವಾಗುತ್ತದೆ. ನೆರೆಮನೆಯ ತೆಲುಗರ ‘ಅಗರೊತ್ತು’ವಿನಲ್ಲಿ ಇರುವುದೂ ಅದೇ ಅಗುರು, ‘ಒತ್ತು’, ‘ಬತ್ತಿ’ ಎರಡೂ ಸಂಸ್ಕೃತದ ‘ವರ್ತಿ’ಯಿಂದ ಬಂದವು. ಹೆಸರು ಎರಡಾದರೂ ಹೇಳುವ ವಸ್ತು ಒಂದೇ. ಆದರೆ ಸಾಮಾನ್ಯ ಬೆಲೆಯ ಊದುಬತ್ತಿಯಲ್ಲಿ ಆ ವಸ್ತುವೇ ಇರುವುದಿಲ್ಲ. ಇದ್ದಿಲ ಪುಡಿ, ಮರದ ಹೊಟ್ಟು, ಜಿಗಟು ಇವುಗಳನ್ನು ಬಿದಿರ ಕಡ್ಡಿಗೆ ಹಚ್ಚಿ ಕೃತಕ ಸುಗಂಧದಲ್ಲಿ ಅದ್ದಿದವೇ ಹೆಚ್ಚು.

ಅಮರಕೋಶವು ಅಗುರುವಿಗೆ ರಾಜಾರ್ಹ, ಲೋಹ, ಕೃಮಿಜ, ಜೋಂಗಕ ಮುಂತಾದ ಪರ್ಯಾಯಗಳನ್ನು ಕೊಡುತ್ತದೆ. ಇವುಗಳಲ್ಲಿ ‘ಕೃಮಿಜ’ ಎಂಬುದು ವಿಚಾರಯೋಗ್ಯ. ಆರೋಗ್ಯವಾಗಿರುವ ಅಗುರುವೃಕ್ಷದ ಮರವು ಬಿಳಿ, ಹಗುರ, ನಿರ್ಗಂಧ. ಕಾಂಡವನ್ನು ಹುಳು ಕೊರೆದು ಆ ಗಾಯದೊಳಗೆ ಶಿಲೀಂಧ್ರವು ಸೇರಿದಾಗ, ವೃಕ್ಷವು ಆತ್ಮರಕ್ಷಣೆಗಾಗಿ ಕಪ್ಪಾದ ರಾಳವನ್ನು ತುಂಬಿಕೊಳ್ಳುತ್ತದೆ. ರಾಳ ತುಂಬಿದ ಆ ಭಾಗವೇ ಅಗುರು. ಇಂದಿನ ಸಸ್ಯವಿಜ್ಞಾನಿಗಳು ವಿವರಿಸುವ ಈ ಸಂಗತಿಯು ಕೋಶಕಾರನ ಒಂದೇ ಪದದಲ್ಲಿ ಅಡಗಿದೆ. ರಾಳವು ಅಧಿಕವಾದ ತುಂಡು ನೀರಿನಲ್ಲಿ ಮುಳುಗುತ್ತದೆ. ‘ಲೋಹ’ವೆಂಬ ಹೆಸರಿಗೆ ಇದೇ ಕಾರಣವಿರಬಹುದು.

ಎಲ್ಲ ಅಗುರುವೂ ಒಂದೇ ಬಗೆಯದಲ್ಲ. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಜೋಂಗಕ, ದೋಂಗಕ, ಪಾರಸಮುದ್ರಕ ಎಂದು ಮೂರನ್ನು ಹೆಸರಿಸಿ, ಮೊದಲನೆಯದು ಕಪ್ಪು ಅಥವಾ ಚುಕ್ಕೆಯುಳ್ಳದ್ದು, ಕಡಲಾಚೆಯದು ಲಾವಂಚದ ಇಲ್ಲವೆ ನವಮಾಲಿಕೆಯ ಗಂಧವುಳ್ಳದ್ದು ಎನ್ನುತ್ತಾನೆ. ಅಸ್ಸಾಮಿನ ಅಕ್ವಿಲೇರಿಯಾ ಮಲಾಕ್ಸೆನ್ಸಿಸ್, ಕಾಂಬೋಡಿಯಾ ವಿಯೆಟ್ನಾಮುಗಳ ಕ್ರಾಸ್ನಾ, ನ್ಯೂಗಿನಿಯ ಫಿಲಾರಿಯಾ ಎಂದು ಇಂದು ನಾವು ಹೇಳುವ ಭೇದಗಳ ಪೂರ್ವರೂಪವೇ ಇದು. ವ್ಯಾಪಾರಿಗಳ ಮಾತಿನಲ್ಲಿ ಅಸ್ಸಾಮಿನದು ಗಂಭೀರ, ಕಾಂಬೋಡಿಯಾದ್ದು ಮಧುರ, ನ್ಯೂಗಿನಿಯದು ಕಹಿ. ಜಪಾನಿನ ಧೂಪಕಲಾವಿದರು ಗಂಧವನ್ನು ಸಿಹಿ, ಹುಳಿ, ಖಾರ, ಉಪ್ಪು, ಕಹಿ ಎಂದು ಐದಾಗಿ ವಿಂಗಡಿಸುತ್ತಾರೆ. ನಮ್ಮ ಷಡ್ರಸಗಳಲ್ಲಿ ಕಷಾಯವೊಂದನ್ನು ಅವರು ಬಿಟ್ಟರು! ಒಂದೇ ನಾಡಿನ ಮರದಲ್ಲಿ ಇವೆಲ್ಲ ಕೂಡಿ ಬರುವುದು ದುರ್ಲಭವಾದುದರಿಂದ ಗಂಭೀರವಾದುದನ್ನು ಆಧಾರವಾಗಿಟ್ಟು ಮಧುರವಾದುದನ್ನು ಅದರ ಮೇಲೆ ಕೂಡಿಸುವ ಮಿಶ್ರಣವಿದ್ಯೆಯು ಹುಟ್ಟಿತು.

ಈ ವಿದ್ಯೆಗೆ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ‘ಗಂಧಯುಕ್ತಿ’ ಎಂಬ ಅಧ್ಯಾಯವನ್ನೇ ಮೀಸಲಿಟ್ಟಿರುವನು. ಭದ್ರಮುಷ್ಟಿ, ಲಾವಂಚ, ನಾಗಕೇಸರ, ದವನ, ತಗರ, ಅಗುರು, ಕರ್ಪೂರ, ಚಂದನ ಮುಂತಾದ 16 ದ್ರವ್ಯಗಳಲ್ಲಿ ಯಾವುದಾದರೂ ನಾಲ್ಕನ್ನು ಆರಿಸಿ ಒಂದು, ಎರಡು, ಮೂರು, ನಾಲ್ಕು ಭಾಗಗಳಾಗಿ ಬೆರೆಸಬೇಕು. ಹಾಗೆ ಆರಿಸುವ ಬಗೆಗಳು 1820; ಅದನ್ನು 96ರಿಂದ ಗುಣಿಸಿ 1,74,720 ಗಂಧಗಳೆಂದು ಆತನ ಲೆಕ್ಕ. ಈ ಬೃಹತ್ ಸಂಖ್ಯೆಗಿಂತ ಅವನ ಒಂದು ಎಚ್ಚರಿಕೆಯೇ ನನಗೆ ಹಿರಿದಾಗಿ ತೋರುತ್ತದೆ: ಕೊತ್ತಂಬರಿಯ ವಾಸನೆ ಅತಿ ತೀವ್ರವಾದುದರಿಂದ ಅದು ಎಂದಿಗೂ ಒಂದೇ ಭಾಗ, ಕರ್ಪೂರವು ಅದಕ್ಕಿಂತಲೂ ಕಡಿಮೆ. ಕೈಯಿಂದ ಬೆರೆಸಿ ನೋಡಿದವನಲ್ಲದೆ ಬೇರೆಯವರು ಹೀಗೆ ಬರೆಯಲಾರರು. ನಮ್ಮ ಈ ನಗರಕ್ಕೆ ಸಮೀಪದ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿಯೂ ಧೂಪಭೋಗಕ್ಕೆ ಪ್ರತ್ಯೇಕ ಸ್ಥಾನವುಂಟು.

ಅಡವಿಯ ಅಗುರುವಿನ ಸ್ಥಿತಿ ಇಂದು ಶೋಚನೀಯವಾಗಿದೆ. ರಘುವಿನ ಆನೆಗಳನ್ನು ಪ್ರಾಗ್ಜ್ಯೋತಿಷದಲ್ಲಿ ಕಾಲಾಗುರುವೃಕ್ಷಗಳಿಗೆ ಕಟ್ಟಿದ್ದರೆಂದು ಕಾಳಿದಾಸನು ವರ್ಣಿಸುವನು. ಕಾಮರೂಪದ ರಾಜನು ಹರ್ಷನಿಗೆ ಕಳುಹಿಸಿದ ಕಾಣಿಕೆಗಳಲ್ಲಿ ಅಗುರುವಿನ ತೊಗಟೆಯ ಪುಸ್ತಕಗಳಿದ್ದವೆಂದು ಬಾಣನು ಬರೆದಿರುವನು. ಅಂಥ ಕಾಡುಗಳು ಈಗಿಲ್ಲ. ಒಳಗೆ ರಾಳವಿದೆಯೇ ಇಲ್ಲವೇ ಎಂಬುದು ಹೊರಗಿನಿಂದ ನಿಶ್ಚಯವಾಗದೆ, ರೋಗವಿಲ್ಲದ ಮರಗಳನ್ನೂ ಕಡಿದುರುಳಿಸಿದರು. 1995ರಲ್ಲಿ ಮಲಾಕ್ಸೆನ್ಸಿಸ್ ಜಾತಿಯ, 2005ರಲ್ಲಿ ಅಕ್ವಿಲೇರಿಯಾ ಕುಲದ ಎಲ್ಲ ಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರವು ಸೈಟ್ಸ್ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿತು. ಭಗವಂತನಿಗೆ ಧೂಪವೆಂದು ಅಳಿವಿನಂಚಿನ ವೃಕ್ಷವನ್ನು ಸುಡುವುದು ಯುಕ್ತವಲ್ಲ. ಅಸ್ಸಾಮಿನ ಮನೆಯ ಹಿತ್ತಲುಗಳಲ್ಲಿ, ನಮ್ಮ ಮಲೆನಾಡಿನ ಕಾಫಿ ಮತ್ತು ಅಡಕೆಯ ತೋಟಗಳಲ್ಲಿ ನೆಟ್ಟು ಬೆಳೆಸಿದ ಅಗುರುವೇ ಸಾಕು.

ಮನೆಯಲ್ಲಿ ಬೆರೆಸಬಯಸುವವರಿಗೆ ವರಾಹಮಿಹಿರನ ಭಾಗಗಳನ್ನೇ ಅನುಸರಿಸಿ ಒಂದು ಕ್ರಮವನ್ನು ಸೂಚಿಸುವೆನು. ತೋಟದ ಅಗುರುವಿನ ಪುಡಿ ನಾಲ್ಕು ಭಾಗ, ಚಂದನ ಮೂರು, ಲಾವಂಚದ ಬೇರು ಎರಡು, ಒಣಗಿದ ದವನ ಒಂದು. ಪ್ರತಿಯೊಂದನ್ನೂ ಬೇರೆಬೇರೆ ಕುಟ್ಟಿ, ವಸ್ತ್ರಗಾಳಿತ ಮಾಡಿ, ಆಮೇಲೆ ಕೂಡಿಸತಕ್ಕದ್ದು. ಕಡ್ಡಿಯಾಗಬೇಕಾದರೆ ಗುಳಮಾವಿನ ತೊಗಟೆಯ ಜಿಗಟು ಬೇಕು. ಅದು ಹೆಚ್ಚಾದರೆ ಸುಟ್ಟ ಸೌದೆಯ ವಾಸನೆ. ಕಡಿಮೆಯಾದರೆ ಕಡ್ಡಿ ಮುರಿಯುವುದು. ಬೆಚ್ಚನೆಯ ನೀರಿನಲ್ಲಿ ನಾದಿ, ಬಿದಿರಿಲ್ಲದೆ ಎಳೆಯಾಗಿ ಹೊಸೆದು, ನೆರಳಿನಲ್ಲಿಯೇ ಒಣಗಿಸಬೇಕು. ಬಳಿಕ ಡಬ್ಬಿಯಲ್ಲಿ ಮುಚ್ಚಿ ಕೆಲವು ವಾರ ಇಟ್ಟರೆ ಗಂಧಗಳು ಒಂದರೊಳಗೊಂದು ಬೆರೆಯುತ್ತವೆ. ಅವಸರ ಪಡುವವರಿಗೆ ಇದು ಹೇಳಿದ್ದಲ್ಲ.

ಕೊಳ್ಳುವಾಗ ಎಚ್ಚರವಿರಲಿ. ಬಿಳಿಯ ಮರಕ್ಕೆ ಎಣ್ಣೆ ಕುಡಿಸಿ, ಬಣ್ಣ ಹಚ್ಚಿ ಅಗುರುವೆಂದು ಮಾರುವವರು ಎಲ್ಲ ಊರುಗಳಲ್ಲಿಯೂ ಉಂಟು. ಕೌಟಿಲ್ಯನು ಹೇಳುವ ಲಕ್ಷಣಗಳು ಇಲ್ಲಿ ನೆರವಾಗುತ್ತವೆ: ಭಾರ, ಜಿಡ್ಡು, ದೂರಕ್ಕೆ ಹರಡುವ ಗುಣ, ನಿಧಾನವಾಗಿ ಉರಿಯುವಿಕೆ, ಮೊದಲಿಂದ ಕೊನೆಯವರೆಗೆ ಸಮವಾದ ಗಂಧ, ಉಜ್ಜಿದರೂ ಮಾಸದಿರುವುದು. ಸಣ್ಣ ಚೂರೊಂದನ್ನು ಬೂದಿ ಮುಚ್ಚಿದ ಕೆಂಡದ ಮೇಲಿಟ್ಟರೆ ನಿಜವಾದುದರ ರಾಳವು ಸಣ್ಣಗೆ ಕುದಿದು ಮೆಲ್ಲಗೆ ಪರಿಮಳಿಸುವುದು. ಎಣ್ಣೆ ಕುಡಿಸಿದ್ದು ಮೊದಲು ಘಮಘಮಿಸಿ, ಕ್ಷಣದಲ್ಲಿಯೇ ಬರಿಯ ಹೊಗೆಯಾಗುವುದು.